ಅಂಗಳಕ್ಕೆ ಕಲ್ಲು, ಕೆಲಸಗಾರನ ಎದೆಗೆ ದೂಳು

ಬೆಂಗಳೂರಿನ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ, ಅತ್ತ ಕೆಂಗೇರಿಯವರೆಗೂ, ಮನೆ ಮುಂದಿನ ನೆಲಕ್ಕೆ ಕಲ್ಲು ಹಾಸಿಸುವುದು ಈಗ ಗೃಹಸ್ಥಧರ್ಮದ ಒಂದು ಅಂಗವೇ ಆಗಿದೆ. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಮಿಕ್ಕ ಅಂಗೈಯಗಲದ ಜಾಗಕ್ಕೂ ಚಪ್ಪಡಿಯೋ ಸಿಮೆಂಟಿನ ಇಂಟರ್‌ಲಾಕ್ ಕಲ್ಲೋ ಬೇಕು. ಬೇಡವೆನ್ನಲು ನಾವಾರು? ಮಳೆಗಾಲದ ಕೆಸರು ತುಳಿದವನಿಗೆ ಅದರ ಬೆಲೆ ಗೊತ್ತು. ಆದರೆ ಆ ಕಲ್ಲಿಗೆಂದು ಕೊಟ್ಟ ಹಣ ಯಾರ ಕೈ ಸೇರಿತು ಎಂದು ಕೇಳದೆ ಬಿಡಲಾರೆವು.

ಕಂಟ್ರಾಕ್ಟರು ಬರುತ್ತಾನೆ, ಟೇಪು ಹಿಡಿದು ಅಳೆಯುತ್ತಾನೆ, ಚದರಡಿಗೆ ಇಷ್ಟು ಎನ್ನುತ್ತಾನೆ. ಕಲ್ಲಿಗೆಷ್ಟು, ಮರಳಿಗೆಷ್ಟು, ಕೂಲಿಗೆಷ್ಟು? ಎಲ್ಲವೂ ಆ ಒಂದು ಅಂಕಿಯೊಳಗೆ ಅಡಗಿರುತ್ತದೆ. ಚೌಕಾಸಿ ಮಾಡಿ ಐದು ರೂಪಾಯಿ ಇಳಿಸಿದೆನೆಂದು ಮನೆಯಾತ ಹಿಗ್ಗುತ್ತಾನೆ. ಕಲ್ಲಿನ ವ್ಯಾಪಾರಿ ದರ ಬಿಡುವುದಿಲ್ಲ, ಲಾರಿಯವನು ಬಾಡಿಗೆ ಬಿಡುವುದಿಲ್ಲ, ಕಂಟ್ರಾಕ್ಟರು ತನ್ನ ಲಾಭ ಬಿಡುವುದಿಲ್ಲ. ಹಾಗಾದರೆ ಆ ಐದು ರೂಪಾಯಿ ಬಂದದ್ದು ಯಾರ ಹೊಟ್ಟೆಯಿಂದ?

ಕೂಲಿ ಕತ್ತರಿಸಿದರೆ ಕೆಲಸವೂ ಕತ್ತರಿಸುತ್ತದೆ. ನೆಲ ಅಗೆಯಬೇಕು, ದಿಮ್ಮಸು ಹೊಡೆಯಬೇಕು, ಜಲ್ಲಿ ಹರಡಿ ಮತ್ತೆ ಹೊಡೆಯಬೇಕು, ಮೇಲೆ ಒಂದು ಒಂದೂವರೆ ಅಂಗುಲ ಮರಳು ಮಟ್ಟ ಮಾಡಬೇಕು, ನೀರು ಗೋಡೆಯ ಬುಡಕ್ಕೆ ಹರಿಯದಂತೆ ವಾಟ ಕೊಡಬೇಕು, ಅಂಚು ಕಟ್ಟಬೇಕು. ಇದೆಲ್ಲ ಕಲ್ಲಿನ ಕೆಳಗೆ ಹೂತುಹೋಗುವ ದುಡಿಮೆ. ಕಾಣದ ದುಡಿಮೆಯನ್ನೇ ಕಂಟ್ರಾಕ್ಟರು ಮೊದಲು ನುಂಗುತ್ತಾನೆ. ಎರಡು ಮಳೆಗೆ ಕಲ್ಲು ಕುಸಿದಾಗ ಮನೆಯಾತ ಬೈಯುವುದು ಗಾರೆಯವನನ್ನು!

ಇನ್ನು ಕಲ್ಲು ಕೊಯ್ಯುವ ಕಟರ್ ಮಷಿನ್ನಿನ ಮಾತು. ಒಣಕಲ್ಲಿಗೆ ಮಷಿನ್ ಹಚ್ಚಿದರೆ ಬೀದಿಯೆಲ್ಲ ಬೆಳ್ಳಗಾಗುತ್ತದೆ. ನಾವು ಕಿಟಕಿ ಮುಚ್ಚಿಕೊಳ್ಳುತ್ತೇವೆ. ಕೊಯ್ಯುವವನು ಮೂಗಿಗೆ ವಸ್ತ್ರ ಸುತ್ತಿಕೊಳ್ಳುತ್ತಾನೆ. ಗ್ರಾನೈಟಿನಲ್ಲೂ ಕಾಂಕ್ರೀಟಿನಲ್ಲೂ ಇರುವ ಸಿಲಿಕಾ ದೂಳಿಗೆ ಆ ವಸ್ತ್ರ ತಡೆಯಲ್ಲ. ಅದು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ತರುತ್ತದೆ. ಬಂದ ಮೇಲೆ ಗುಣಪಡಿಸುವ ಮದ್ದಿಲ್ಲ. ಹತ್ತಿಯ ದೂಳು ಎದೆಗೆ ಕೂತರೆ ಏನಾಗುತ್ತದೆಂದು ಮಿಲ್ಲಿನ ಬಂಧುಗಳಿಗೆ ಹೇಳಿಕೊಡಬೇಕಾಗಿಲ್ಲ. ನೀರು ಬಿಟ್ಟು ಕೊಯ್ಯುವ ಮಷಿನ್ನಿದ್ದರೆ ದೂಳು ಬಹುಮಟ್ಟಿಗೆ ಅಡಗುತ್ತದೆ. ಅಷ್ಟು ನೀರಿಗೂ ಜಿಪುಣತನವೇ?

ಕಾನೂನಿಲ್ಲವೆಂದಲ್ಲ. ಕಟ್ಟಡ ಕಾರ್ಮಿಕರಿಗಾಗಿ 1996ರಲ್ಲಿ ಕಾಯಿದೆ ಬಂತು, ಸೆಸ್ ಬಂತು, ರಾಜ್ಯದಲ್ಲಿ ಕಲ್ಯಾಣ ಮಂಡಳಿಯೂ ಬಂತು. ಆದರೆ ಫಲಾನುಭವಿಯಾಗಲು ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದಿರಬೇಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಈ ಷರತ್ತನ್ನು ಉಳಿಸಿಕೊಂಡಿದೆ. ರಾಯಚೂರು, ಯಾದಗಿರಿಯಿಂದ ಗುಳೆ ಬಂದು ಈ ಮನೆಯಲ್ಲಿ ಎರಡು ದಿನ, ಆ ಮನೆಯಲ್ಲಿ ಮೂರು ದಿನ ಕಲ್ಲು ಹಾಸುವವನು 90 ದಿನದ ಪುರಾವೆ ಎಲ್ಲಿಂದ ತರಬೇಕು? ಕಂಟ್ರಾಕ್ಟರಿನ ಪುಸ್ತಕದಲ್ಲಿ ಅವನ ಹೆಸರಿಲ್ಲ. ಮನೆಯಾತನಿಗಂತೂ ಅವನ ಹೆಸರೇ ಗೊತ್ತಿಲ್ಲ.

ಹೆಸರು ಅಳಿಸುವ ಈ ಚಾಳಿ ಹಳೆಯದು. 1956ರಲ್ಲಿ ಮುಗಿದ ವಿಧಾನಸೌಧವನ್ನು ಸಾವಿರಾರು ಕಲ್ಲುಕುಟಿಗರು, ಕೂಲಿಗಳು, ಕೈದಿಗಳು ಎಬ್ಬಿಸಿದರು. ಸರ್ಕಾರದ ಕೆಲಸ ದೇವರ ಕೆಲಸವೆಂದು ಅದರ ಹಣೆಯ ಮೇಲೆ ಕೊರೆದರು. ಕೊರೆದ ಕೈಗಳ ಹೆಸರನ್ನು ಯಾರು ಬಲ್ಲರು?

ಇದು ಬೆಂಗಳೂರಿನ ಮಾತು, ನಮಗೇನು ಎನ್ನಬೇಡಿ. ನಮ್ಮ ಊರಿನ ಬಡಾವಣೆಗಳಿಗೂ ಇದೇ ಚದರಡಿ ಲೆಕ್ಕ ಬಂದಿದೆ. ಮಿಲ್ಲಿನಲ್ಲಿ ಕೂಲಿಗಾಗಿ ಹೋರಾಡಿದವನೂ, ಸಗಟು ಸಾಹುಕಾರನ ಕಮಿಷನ್ನಿಗೆ ಬೆಂದ ಚಿಕ್ಕ ವ್ಯಾಪಾರಿಯೂ ತನ್ನ ಅಂಗಳದಲ್ಲಿ ಎರಡು ದಿನದ ಯಜಮಾನನಾಗುತ್ತಾನೆ. ಅವನ ತತ್ವಕ್ಕೆ ಪರೀಕ್ಷೆ ಅಲ್ಲೇ.

ಆದ್ದರಿಂದ ಬಂಧುಗಳೇ, ಕಲ್ಲು ಹಾಸಿಸಿ. ಆದರೆ ಕಲ್ಲಿನ ಲೆಕ್ಕ ಬೇರೆ, ಕೂಲಿಯ ಲೆಕ್ಕ ಬೇರೆ ಬರೆಸಿಕೊಳ್ಳಿ. ಕೂಲಿಯನ್ನು ಕೆಲಸಗಾರನ ಕೈಗೇ ಕೊಡಿ; ಕಲ್ಲು ಹೊತ್ತ ಹೆಣ್ಣಾಳಿನ ಕೂಲಿಯನ್ನೂ ಅವಳ ಕೈಗೇ ಕೊಡಿ. ನೀರು ಬಿಡದೆ ಕೊಯ್ಯಗೊಡಬೇಡಿ. ಕೆಲಸ ಮುಗಿದ ದಿನ ಅವರ ಹೆಸರು, ದುಡಿದ ದಿನಗಳನ್ನು ಬರೆದು, ಕೆಳಗೆ ನಿಮ್ಮ ರುಜು ಹಾಕಿ ಕೊಡಿ. ಕಾರ್ಮಿಕ ಸಂಘಗಳು ಇಂಥ ಚೀಟಿಗಳನ್ನು ಒಟ್ಟುಮಾಡಿ ಮಂಡಳಿಯ ಮುಂದಿಡಲಿ. ಒಂದು ಹಾಳೆ, ಒಂದು ರುಜು: ನಿಮಗೆ ಕಾಸಿನ ಖರ್ಚಿಲ್ಲ, ಅವರಿಗೆ ಅದು ಮಕ್ಕಳ ಓದು, ಮುಪ್ಪಿನ ಪಿಂಚಣಿ.