ಭಾಷಾವಿಚಾರ: ಎಲ್ಲೆಯನ್ನು ಹೇಳುವ ಬಗೆ

ಕನ್ನಡದಲ್ಲಿ ನಾವು ‘ಉತ್ತರಕ್ಕೆ’ ಎಂಬ ಒಂದೇ ಮಾತಿನಿಂದ ಹೇಳಿಬಿಡುವುದನ್ನು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಹೇಳುವರು. ಎಲ್ಲೆಯ ಒಳಗಿರುವುದು ‘ಇನ್ ದಿ ನಾರ್ತ್’; ಕರ್ನಾಟಕದಲ್ಲಿ ಬೀದರು ಹಾಗಿದೆ. ಎಲ್ಲೆಗೆ ತಾಗಿ ಹೊರಗಿರುವುದು ‘ಆನ್ ದಿ ನಾರ್ತ್’, ಮಹಾರಾಷ್ಟ್ರವು ಹಾಗಿದೆ. ಸಮೀಪವಿರಲಿ, ದೂರವಿರಲಿ, ದಿಕ್ಕನ್ನಷ್ಟೇ ತಿಳಿಸುವುದು ‘ಟು ದಿ ನಾರ್ತ್’, ದೆಹಲಿಯು ಹಾಗಿದೆ.

ಈ ಭೇದವು ಬರಿಯ ವ್ಯಾಕರಣದ್ದಲ್ಲ. ಕ್ರಯಪತ್ರದ ಚಕ್ಕುಬಂದಿಯಲ್ಲಿ ‘ಬೌಂಡೆಡ್ ಆನ್ ದಿ ನಾರ್ತ್ ಬೈ ಎ ವೆಲ್’ ಎಂದಿದ್ದರೆ ಬಾವಿಯು ನಿವೇಶನದ ಹೊರಗಿನದು. ‘ವಿತ್ ಎ ವೆಲ್ ಇನ್ ದಿ ನಾರ್ತ್’ ಎಂದಿದ್ದರೆ ಒಳಗಿನದು. ಒಂದು ಕಿರುಪದದಿಂದ ಬಾವಿಯೇ ಕೈತಪ್ಪೀತು. ಆದುದರಿಂದ ಗೃಹಸ್ಥರು ರುಜು ಮಾಡುವ ಮುನ್ನ ಈ ಪದಗಳನ್ನು ಪರಿಶೀಲಿಸತಕ್ಕದ್ದೆಂದು ನಾವು ಸೂಚಿಸುತ್ತೇವೆ.