ಗಾಯಕ್ಕೆ ಮುಂಚಿನ ಮದ್ದು

ಸೇವೆಯಲ್ಲಿದ್ದಾಗ ನಾನು ಕಂಡುಕೊಂಡ ಸತ್ಯವೊಂದಿದೆ. ಕೆರೆ ಒಡೆದ ಮೇಲೆ ಪರಿಹಾರದ ಹಣ ಬೇಗನೆ ಮಂಜೂರಾಗುತ್ತದೆ. ಒಡೆಯುವ ಮೊದಲು ಏರಿ ಭದ್ರಪಡಿಸುವ ಪ್ರಸ್ತಾವನೆ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ‘ಅನುದಾನ ಲಭ್ಯವಿಲ್ಲ’ ಎಂಬ ಷರಾವನ್ನು ನಾನೂ ಬರೆದಿದ್ದೇನೆ. ಶ್ವಾಸಕೋಶದ ಜೀವಕೋಶಗಳ ಕುರಿತ ಸಂಶೋಧನೆಗಳನ್ನು ಓದುವಾಗ ಆ ಕಡತಗಳು ನೆನಪಾದವು.

ನಮ್ಮ ಶ್ವಾಸಕೋಶಗಳಲ್ಲಿ ಸುಮಾರು 30 ಕೋಟಿ ಗಾಳಿಗೂಡುಗಳಿವೆ. ಅವುಗಳ ಒಳಪದರ ಒಂದೇ ಜೀವಕೋಶದಷ್ಟು ದಪ್ಪ. ಅದು ಹರಿದರೆ ರಕ್ತನಾಳದ ದ್ರವ ಗೂಡಿಗೆ ನುಗ್ಗಿ ಉಸಿರು ಕಟ್ಟುತ್ತದೆ. ಈ ಪದರವನ್ನು ಕಾಯುವ ಪ್ರೋಟೀನುಗಳಲ್ಲಿ ಕೆರಟಿನೋಸೈಟ್ ಗ್ರೋತ್ ಫ್ಯಾಕ್ಟರ್ ಒಂದು. ಅದು ಜೀವಕೋಶದ ಗ್ರಾಹಕಕ್ಕೆ ಅಂಟಿಕೊಂಡೊಡನೆ ಒಳಗೆ ಸಂಕೇತಗಳ ಸರಪಳಿ ಚಾಲನೆಗೊಳ್ಳುತ್ತದೆ: ಜೀವಕೋಶ ವೃದ್ಧಿಸುತ್ತದೆ, ಆಘಾತಕ್ಕೆ ಸುಲಭವಾಗಿ ಬಲಿಯಾಗುವುದಿಲ್ಲ, ಗೂಡು ಕುಸಿಯದಂತೆ ತಡೆಯುವ ದ್ರವ್ಯವನ್ನು ಸ್ರವಿಸುತ್ತದೆ.

1989ರಲ್ಲಿ ಪತ್ತೆಯಾದ ಈ ಪ್ರೋಟೀನನ್ನು 1990ರ ದಶಕದಲ್ಲಿ ಇಲಿಗಳಿಗೆ ಮುಂಚಿತವಾಗಿ ನೀಡಿದಾಗ, ಅತಿಯಾದ ಆಮ್ಲಜನಕದ ಹಾನಿಯಿಂದ ಅವು ಪಾರಾದವು. ಆದರೆ ತೀವ್ರ ಶ್ವಾಸಕೋಶ ವೈಫಲ್ಯಕ್ಕೆ ಈಗಾಗಲೇ ತುತ್ತಾಗಿದ್ದ 60 ರೋಗಿಗಳ ಮೇಲೆ ಬ್ರಿಟನ್ನಿನ ವೈದ್ಯರು ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪ್ರಯೋಜನ ಕಾಣಲಿಲ್ಲ. ಹಾನಿಯ ಸೂಚನೆಗಳೇ ಕಂಡವು. ಪ್ರಯೋಗ ಚಿಕ್ಕದು ನಿಜ. ಇಲಿಯ ದೇಹವೂ ಮನುಷ್ಯನದೂ ಒಂದೇ ಅಲ್ಲ. ಆದರೂ ರಕ್ಷಣೆಗೂ ದುರಸ್ತಿಗೂ ಇರುವ ಅಂತರವನ್ನು ಅಲಕ್ಷಿಸಲಾಗದು. ಇದೇ ಕಾಯಿಲೆಯಲ್ಲಿ ಸಾವಿನ ಪ್ರಮಾಣವನ್ನು ಸುಮಾರು ಶೇ 40ರಿಂದ 31ಕ್ಕೆ ಇಳಿಸಿದ್ದು ಹೊಸ ಔಷಧವಲ್ಲ. ವೆಂಟಿಲೇಟರ್ ಪ್ರತಿ ಉಸಿರಿಗೆ ತಳ್ಳುವ ಗಾಳಿಯನ್ನು ಕಡಿಮೆ ಮಾಡಿ, ಹೊಸ ಗಾಯವಾಗದಂತೆ ನೋಡಿಕೊಂಡ ಕ್ರಮವದು. 2000ದಲ್ಲಿ ಅಮೆರಿಕದ ಅಧ್ಯಯನ ಅದನ್ನು ತೋರಿಸಿತು.

ಹಾಗಾದರೆ ಆರೋಗ್ಯವಂತರೆಲ್ಲರಿಗೂ ಈ ಪ್ರೋಟೀನನ್ನು ಮುಂಗಡವಾಗಿ ಕೊಡಬಹುದೇ? ಸಾಧ್ಯವಿಲ್ಲ. ಬೆಳವಣಿಗೆಯ ಸಂಕೇತಗಳು ಹದ ತಪ್ಪಿದರೆ ಕ್ಯಾನ್ಸರಿಗೂ ಹಾದಿಯಾಗುತ್ತವೆ. ಕೋಟ್ಯಂತರ ಜನರಿಗೆ ಕೊಡಬಹುದಾದ ಮುಂಗಡ ರಕ್ಷಣೆ ಶುದ್ಧ ಗಾಳಿಯೊಂದೇ. ಸೂಕ್ಷ್ಮ ಕಣಗಳಿಗೆ ನಾವು 2009ರಲ್ಲಿ ನಿಗದಿಪಡಿಸಿದ ವಾರ್ಷಿಕ ಮಿತಿ ಘನ ಮೀಟರಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 5.

ಶುದ್ಧ ಗಾಳಿ ದುಬಾರಿ, ಅಭಿವೃದ್ಧಿಗೆ ಅಡ್ಡಿ ಎಂಬ ವಾದವುಂಟು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನದನ್ನು ಒಪ್ಪಲಾರೆ. ಆಸ್ಪತ್ರೆಯ ಬಿಲ್ಲು, ಕಳೆದುಹೋದ ದುಡಿಮೆಯ ದಿನಗಳು ಆಯವ್ಯಯ ಪತ್ರದಲ್ಲಿ ಕಾಣಿಸುವುದಿಲ್ಲ. ಅವನ್ನು ಕುಟುಂಬಗಳು ಭರಿಸುತ್ತವೆ. ವೆಂಟಿಲೇಟರುಗಳು ಬೇಡವೆಂದಲ್ಲ. ಆದರೆ ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕುವುದೇ ಆಡಳಿತವಾಗಬಾರದು. ಧೂಳು, ಹೊಗೆಗಳ ನಿಯಂತ್ರಣದ ಕಡತ ಮುಂದೆ ಬಂದಾಗ ನನ್ನ ಹಳೆಯ ಷರಾವನ್ನು ಇನ್ನಾರೂ ಬರೆಯದಿರಲಿ.