ಕೀಲಿಕೈ ಬಂತು, ಪಗಾರ ಎಲ್ಲಿ ಹೋಯಿತು?

ಕಳೆದ ಶ್ರಾವಣದಲ್ಲಿ ನಮ್ಮ ಖೂಬಾ ಪ್ಲಾಟಿನ ಒಂದು ಮನೆಯ ಹಿರಿಯಮ್ಮನಿಗೆ ಲಕ್ವಾ ಹೊಡೆಯಿತು. ಮಗ, ಸೊಸೆ ಇಬ್ಬರೂ ನೌಕರಿಯವರು. ಅಡಿಗೆಮನೆ, ಕಾಳುಕಡಿ, ಮುದುಕಿಯ ಔಷಧಿ ಇವನ್ನೆಲ್ಲ ನೋಡುವವರು ಯಾರು ಎಂಬ ಪ್ರಶ್ನೆ ಬಂತು. ಕೊನೆಗೆ ಎಂಟು ವರ್ಷಗಳಿಂದ ಹಿತ್ತಲಲ್ಲಿ ಕುಳಿತು ಭಾಂಡಿ ತಿಕ್ಕುತ್ತಿದ್ದ ಹೆಣ್ಣುಮಗಳ ಕೈಗೇ ಅವರು ಕೀಲಿಕೈ ಗೊಂಚಲು ಕೊಟ್ಟರು. ಆಕೆ ಕಮಲಾಪುರದ ಕಡೆಯವಳು. ಸಂಜೆ ನಮ್ಮ ಗೇಟಿನ ಹತ್ತಿರ ನಿಂತು, "ಅಕ್ಕೋರೆ, ತೊಗರಿಬ್ಯಾಳಿ ಡಬ್ಬಿಯಿಂದ ತಿಜೋರಿ ತನಕ ಎಲ್ಲಾ ಕೀಲಿ ನನ್ನ ಕೈಯಾಗ ಕೊಟ್ಟಾರ್ರಿ" ಎಂದು ಹೇಳಿದಳು. ಆಗ ಆಕೆಯ ಮುಖ ನೋಡಬೇಕಿತ್ತು.

ಎಂಟು ವರ್ಷ ಆಕೆಯ ಜಾತಿಯನ್ನು ಓಣಿಯಲ್ಲಿ ಯಾರೂ ಕೇಳಿರಲಿಲ್ಲ. ಹಿತ್ತಲಲ್ಲಿ ಕೂಡುವವಳಿಗೆ ಕೇಳುವ ಅಗತ್ಯವೇ ಬಿದ್ದಿರಲಿಲ್ಲ. ಕೀಲಿಕೈ ಸೊಂಟಕ್ಕೆ ಬಂದ ವಾರದಲ್ಲೇ ಕೇಳಿದರು. ಆಕೆ ಮುಚ್ಚಿಡಲಿಲ್ಲ, ತಾನು ದಲಿತಳೆಂದು ಹೇಳಿಬಿಟ್ಟಳು. ಮನೆಯವರು, ಅವರನ್ನು ಮೆಚ್ಚಬೇಕು, "ನಮಗೇನೂ ಇಲ್ಲ" ಎಂದರು. ಆದರೆ ನೆರೆಯ ಇಬ್ಬರು ಹೆಂಗಸರು ಆ ಮನೆಯಲ್ಲಿ ಚಹಾ ಕುಡಿಯುವುದನ್ನು ನಿಲ್ಲಿಸಿದರು. ಒಬ್ಬರಿಗೆ ಇದ್ದಕ್ಕಿದ್ದಂತೆ ಸಕ್ಕರೆ ಕಾಯಿಲೆ ಬಂತು, ಇನ್ನೊಬ್ಬರು ವ್ರತ ಹಿಡಿದರು.

ಇದು ನಮ್ಮ ಓಣಿಯೊಂದರ ಕಥೆಯಲ್ಲ. 2025ರ ಜೂನ್‌ನಲ್ಲಿ ಚಾಮರಾಜನಗರ ಜಿಲ್ಲೆಯ ಹೊಮ್ಮ ಗ್ರಾಮದ ಸರಕಾರಿ ಶಾಲೆಯಲ್ಲಿ ದಲಿತ ಮಹಿಳೆಯೊಬ್ಬರು ಮುಖ್ಯ ಅಡುಗೆಯವರಾದರು. 22 ಮಕ್ಕಳಿದ್ದ ಆ ಶಾಲೆಯಿಂದ ಬಹುತೇಕ ಮಕ್ಕಳನ್ನು ಪಾಲಕರು ಬಿಡಿಸಿಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ಕಾರಣ ಬೇರೆಯೇ ಎಂದು ಕೆಲವು ಪಾಲಕರು ಹೇಳಿದರು. ಕಾರಣ ಯಾವಾಗಲೂ ಬೇರೆಯೇ ಇರುತ್ತದೆ! ಶಾಲೆಯ ಅಡುಗೆ ಕೆಲಸಕ್ಕೆ ದಲಿತರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಬಿಸಿಯೂಟ ನಮ್ಮ ರಾಜ್ಯದಲ್ಲಿ 2002ರಲ್ಲಿ ಮೊದಲು ಶುರುವಾದದ್ದು ಕಲಬುರಗಿ ಸೇರಿದಂತೆ ನಮ್ಮ ಈ ಕಡೆಯ ಜಿಲ್ಲೆಗಳಲ್ಲಿಯೇ. ಕಸ ಗುಡಿಸುವಾಗ ಕಾಣದ ಜಾತಿ ಸೌಟು ಹಿಡಿದಾಗ ಕಾಣುತ್ತದೆ.

ನಾನು ಕಾಲೇಜಿನಲ್ಲಿ ಇಂಗ್ಲೆಂಡಿನ ಇತಿಹಾಸ ಹೇಳುತ್ತಿದ್ದಾಗ ವಿಕ್ಟೋರಿಯಾ ರಾಣಿಯ ಬಗ್ಗೆ ಗಂಟೆಗಟ್ಟಲೆ ಮಾತಾಡಿದ್ದೇನೆ, ಆ ಕಾಲದ ಮನೆಗಳಲ್ಲಿ ಕಸ ಗುಡಿಸಿದ ಹೆಂಗಸರ ಬಗ್ಗೆ ಒಂದು ದಿನವೂ ಹೇಳಲಿಲ್ಲ. ಅಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ಮನೆಗೆಲಸದಲ್ಲಿದ್ದರು. ಸಿರಿವಂತರ ಮನೆಗಳಲ್ಲಿ ಕೆಲಸದ ಹೆಂಗಸರಿಗೆಲ್ಲ ಮೇಲಿನವಳು ಹೌಸ್‌ಕೀಪರ್, ಅಂದರೆ ಇಡೀ ಮನೆವಾರ್ತೆ ನೋಡುವಾಕೆ. ಸೊಂಟದಲ್ಲಿ ಕೀಲಿಕೈ ಗೊಂಚಲು, ಕೈಯಲ್ಲಿ ಲೆಕ್ಕದ ಪುಸ್ತಕ. ಮದುವೆಯಾಗಿರಲಿ ಬಿಡಲಿ, ಆಕೆಯನ್ನು 'ಮಿಸೆಸ್' ಎಂದೇ ಕರೆಯುತ್ತಿದ್ದರು. ಗಂಡನಿಲ್ಲದೆ ಮರ್ಯಾದೆ! 1861ರಲ್ಲಿ ಬಂದ ಶ್ರೀಮತಿ ಬೀಟನ್ ಅವರ ಮನೆವಾರ್ತೆಯ ಪುಸ್ತಕದಲ್ಲಿ ಹೌಸ್‌ಕೀಪರಿಗೆ ವರ್ಷಕ್ಕೆ 20ರಿಂದ 45 ಪೌಂಡ್, ಎಲ್ಲ ಕೆಲಸವನ್ನೂ ಒಬ್ಬಳೇ ಮಾಡುವ ಹುಡುಗಿಗೆ 9ರಿಂದ 14 ಪೌಂಡ್ ಪಗಾರವೆಂದು ಬರೆದಿದೆ. ಆ ಹುಡುಗಿ ಮೇಲಕ್ಕೆ ಏರಿದರೆ ಅವಳ ಬದುಕೇ ಬದಲಾಗುತ್ತಿತ್ತು.

ಅಂಥ ಒಬ್ಬ ಹುಡುಗಿ ಯಹೂದಿ ಮನೆತನದವಳಾಗಿದ್ದರೆ? ಮುಂಜಾನೆ ಯಜಮಾನರ ಕ್ರೈಸ್ತ ಪ್ರಾರ್ಥನೆಗೆ ಆಳುಗಳೆಲ್ಲ ಸಾಲಾಗಿ ನಿಲ್ಲಬೇಕು. ಅವಳ ಧರ್ಮದಲ್ಲಿ ಶನಿವಾರ ಕೆಲಸ ಮಾಡುವಂತಿಲ್ಲ, ಹಂದಿಮಾಂಸ ಮುಟ್ಟುವಂತಿಲ್ಲ. ಕೋಟ್ಯಧೀಶನಾಗಿದ್ದ ಲಿಯೊನೆಲ್ ರಾಥ್ಸ್‌ಚೈಲ್ಡ್ 1847ರಲ್ಲಿ ಪಾರ್ಲಿಮೆಂಟಿಗೆ ಆರಿಸಿ ಬಂದರೂ ಯಹೂದಿಯೆಂಬ ಕಾರಣಕ್ಕೆ 1858ರವರೆಗೆ ಅಲ್ಲಿ ಕೂಡಲಾಗಲಿಲ್ಲ. ಪ್ರಮಾಣವಚನದಲ್ಲಿ ಕ್ರೈಸ್ತಧರ್ಮದ ಮಾತಿತ್ತು. ಹಣವಂತನ ಪಾಡೇ ಹೀಗಿದ್ದರೆ ಕಸ ಗುಡಿಸುವವಳು ತನ್ನ ಮನೆತನದ ಹೆಸರನ್ನು ಬಾಯಿಬಿಟ್ಟು ಹೇಳುತ್ತಿದ್ದಳೇ? ನಮ್ಮ ಊರುಗಳಲ್ಲೂ ದಲಿತ ಮತ್ತು ಮುಸ್ಲಿಂ ಹೆಂಗಸರು ಮನೆಗೆಲಸ ಸಿಗಲೆಂದು ಬೇರೆ ಹೆಸರು ಹೇಳಿಕೊಳ್ಳುತ್ತಾರೆ.

ಇನ್ನೊಂದು ಮಾತು. 1870ರವರೆಗೆ ಇಂಗ್ಲೆಂಡಿನಲ್ಲಿ ಮದುವೆಯಾದ ಹೆಂಗಸು ದುಡಿದ ಪಗಾರ ಕಾನೂನಿನ ಪ್ರಕಾರ ಗಂಡನದು. ಆ ವರ್ಷದ ಕಾಯ್ದೆಯಿಂದ ಸಂಬಳ ಅವಳದಾಯಿತು, 1882ರ ಕಾಯ್ದೆಯಿಂದ ಆಸ್ತಿಯೂ ಅವಳದಾಯಿತು. ಆದ್ದರಿಂದ ಮದುವೆಯಾಗದ ಆ 'ಮಿಸೆಸ್' ತನ್ನ ದುಡಿಮೆಗೆ ತಾನೇ ಒಡತಿಯಾಗಿದ್ದಳು. ನಮ್ಮ ಹೆಣ್ಣುಮಗಳಿಗೆ ಗಂಡನಿದ್ದಾನೆ. ಪಗಾರದ ದಿನ ಗೇಟಿಗೆ ಬಂದು ನಿಲ್ಲುತ್ತಾನೆ.

ಅಕ್ಕತಂಗಿಯರೇ, ಈಗ ಲೆಕ್ಕಕ್ಕೆ ಬರೋಣ. ಆಕೆ ಮೊದಲು ನಾಲ್ಕು ಮನೆ ಮಾಡುತ್ತಿದ್ದಳು. ಒಂದೊಂದಕ್ಕೆ ಒಂದೂವರೆ ಸಾವಿರ, ಕೂಡಿ ಆರು ಸಾವಿರ. ಮಧ್ಯಾಹ್ನ ಎರಡಕ್ಕೆ ಮನೆ ಸೇರುತ್ತಿದ್ದಳು. ಈಗ ಮೂರು ಮನೆ ಬಿಟ್ಟಿದ್ದಾಳೆ, ಈ ಮನೆಯಲ್ಲಿ ಏಳು ಸಾವಿರ. ಮುಂಜಾನೆ ಆರಕ್ಕೆ ಬಂದರೆ ರಾತ್ರಿ ಎಂಟು. ಮುದುಕಿಯನ್ನು ಬಿಟ್ಟು ಹೋಗುವಂತಿಲ್ಲವಾದ್ದರಿಂದ ರವಿವಾರವೂ ಸೂಟಿ ಇಲ್ಲ. ಹಗಲೆಲ್ಲ ಕೊಟ್ಟು ಹೆಚ್ಚಿಗೆ ಬಂದದ್ದು ಒಂದು ಸಾವಿರ ರೂಪಾಯಿ. ಮನೆಗೆಲಸದವರಿಗೆ ಕರ್ನಾಟಕ ಸರಕಾರ 2004ರಲ್ಲಿಯೇ ಕನಿಷ್ಠ ವೇತನ ಗೊತ್ತುಮಾಡಿತು, ದೇಶದಲ್ಲಿ ಇದನ್ನು ಮೊದಲು ಮಾಡಿದ ರಾಜ್ಯಗಳಲ್ಲಿ ನಮ್ಮದೂ ಒಂದು. ಖೂಬಾ ಪ್ಲಾಟಿನಲ್ಲಿ ಅದನ್ನು ಕೇಳಿದವರನ್ನಾಗಲಿ ಕೊಟ್ಟವರನ್ನಾಗಲಿ ನಾನು ನೋಡಿಲ್ಲ. ಕೊಡದವರ ಪೈಕಿ ನಾನೂ ಒಬ್ಬಳು. ನನ್ನ ಮನೆಯ ಕೆಲಸದಾಕೆಗೆ ಓಣಿಯ ದರವನ್ನೇ ಕೊಡುತ್ತ ಬಂದೆ.

ಇಷ್ಟೇ ಆಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಆಕೆಯ ಮಗಳಿಗೆ ಇಪ್ಪತ್ತು ವರ್ಷ. ಗಂಡಿನ ಕಡೆಯವರು ಒಂದು ಬೈಕು, ಎರಡು ತೊಲೆ ಬಂಗಾರ ಕೇಳಿದ್ದಾರೆ. ತಾಯಿ ಭಾಂಡಿ ತಿಕ್ಕುವಾಗ ಅವರು ಬೈಕಿನ ಮಾತು ಎತ್ತಿರಲಿಲ್ಲ. "ದೊಡ್ಡ ಮನಿ ಕೀಲಿಕೈ ನಿಮ್ಮವ್ವನ ಕೈಯಾಗ ಐತಿ" ಎಂಬ ಸುದ್ದಿ ಮುಟ್ಟಿದ ಮೇಲೆ ಹುಂಡಾ ಏರಿತು. ಮನೆಯವರು ಬಡ್ಡಿಯಿಲ್ಲದೆ ಐವತ್ತು ಸಾವಿರ ಮುಂಗಡ ಕೊಡಲು ಒಪ್ಪಿದ್ದಾರೆ, ತಿಂಗಳಿಗೆ ಮೂರು ಸಾವಿರ ಮುರಿದುಕೊಳ್ಳುತ್ತಾರೆ. "ದೇವರಂಥಾ ಮಂದಿ" ಎನ್ನುತ್ತಾಳೆ ಆಕೆ. ಮೂರು ಮುರಿದರೆ ಕೈಗೆ ಬರುವುದು ನಾಲ್ಕು ಸಾವಿರ, ಭಾಂಡಿ ತಿಕ್ಕುವಾಗ ಬರುತ್ತಿದ್ದುದಕ್ಕಿಂತ ಎರಡು ಸಾವಿರ ಕಡಿಮೆ. ಅದೂ ಒಂದೂವರೆ ವರ್ಷದ ಹತ್ತಿರ. ಅಲ್ಲಿಯವರೆಗೆ ಕೆಲಸ ಬಿಡುತ್ತೇನೆಂದು ಹೇಳುವ ಧೈರ್ಯ ಆಕೆಗೆ ಬಂದೀತೇ? ಮುಂಗಡದ ಹೆಸರಿನಲ್ಲಿ ದುಡಿಯುವವರನ್ನು ಕಟ್ಟಿಹಾಕಬಾರದೆಂದೇ 1976ರಲ್ಲಿ ಜೀತಪದ್ಧತಿ ರದ್ದತಿ ಕಾಯ್ದೆ ಬಂದದ್ದು. ಆ ಮನೆಯವರು ಕೆಟ್ಟವರಲ್ಲ. ಒಳ್ಳೆಯವರ ಕೈಯಿಂದಲೂ ಇಂಥ ಗಂಟು ಬೀಳುತ್ತದೆ.

ಉಳಿದ ಹಣಕ್ಕೆ ಆಕೆ ನಮ್ಮ ಓಣಿಯ ಸ್ವಸಹಾಯ ಸಂಘಕ್ಕೆ ಅರ್ಜಿ ಹಾಕಿದ್ದಾಳೆ. ಅರ್ಜಿಯಲ್ಲಿ 'ಎಮ್ಮೆ' ಎಂದಿದೆ. ಆಕೆಯ ಮನೆಯಲ್ಲಿ ಎಮ್ಮೆ ಕಟ್ಟಲು ಗೂಟ ಹೊಡೆಯುವಷ್ಟು ಜಾಗವಿಲ್ಲ. ನೀವು ನಗಬೇಡಿ, ನಿಮ್ಮ ನಿಮ್ಮ ಸಂಘಗಳ ಪುಸ್ತಕ ತೆಗೆದು ನೋಡಿ. ನಮ್ಮ ಪುಸ್ತಕಗಳಲ್ಲಿ ಇರುವಷ್ಟು ಎಮ್ಮೆಗಳು ನಿಜವಾಗಿ ಇದ್ದಿದ್ದರೆ ಕಲಬುರಗಿಯಲ್ಲಿ ಹಾಲಿನ ಹೊಳೆಯೇ ಹರಿಯಬೇಕಿತ್ತು. ವಾರವಾರ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ನಮ್ಮ ಉಳಿತಾಯವೇ ಎಮ್ಮೆಯ ಹೆಸರಿನಲ್ಲಿ ಯಾರದೋ ಮಗನ ಬೈಕಾಗುತ್ತಿದೆ. 2022ರೊಂದು ವರ್ಷದಲ್ಲೇ ದೇಶದಲ್ಲಿ 6,400ಕ್ಕೂ ಹೆಚ್ಚು ವರದಕ್ಷಿಣೆ ಸಾವಿನ ಪ್ರಕರಣಗಳು ದಾಖಲಾಗಿವೆ. ಅವರಲ್ಲಿ ಎಷ್ಟು ಮನೆಗಳಿಗೆ ಮೊದಲ ಕಂತನ್ನು ಸಾಲ ಮಾಡಿಯೇ ಕೊಟ್ಟಿರಬಹುದು!

ಸಂಘದಲ್ಲಿ ನಾನು ಇದನ್ನು ಹೇಳಿದಾಗ ಒಬ್ಬ ಹಿರಿಯಳು ಎದ್ದು, "ಅಕ್ಕೋರೆ, ನಿಮಗ ಹೇಳೋದು ಸರಳ ಐತ್ರಿ. ನಾಳೆ ಹುಡುಗಿ ಮನ್ಯಾಗ ಕುಂತ್ರ ನೀವು ಬಂದು ನೋಡ್ಕೊಂತೀರೇನ್ರಿ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ. ಪಿಂಚಣಿ ಬರುವವಳ ಬಾಯಲ್ಲಿ ಧೈರ್ಯದ ಮಾತು ಅಗ್ಗ, ಅದನ್ನು ಒಪ್ಪುತ್ತೇನೆ. ಆದರೂ ಕೇಳುತ್ತೇನೆ: ಸಂಘದ ಪೆಟ್ಟಿಗೆಯನ್ನು ಒಬ್ಬರ ಮನೆಯಲ್ಲಿಟ್ಟು ಕೀಲಿಕೈಯನ್ನು ಇನ್ನೊಬ್ಬರ ಕೈಗೆ ಕೊಡುತ್ತೇವಲ್ಲ, ಏಕೆ? ಒಬ್ಬರ ಕೈ ಸೋತರೆ ಇನ್ನೊಬ್ಬರು ತಡೆಯಲಿ ಎಂದೇ ಅಲ್ಲವೇ?

ವರದಕ್ಷಿಣೆ ಕೇಳುವುದೇ 1961ರ ಕಾಯ್ದೆಯ ಪ್ರಕಾರ ಅಪರಾಧ, ಕನಿಷ್ಠ ಆರು ತಿಂಗಳ ಶಿಕ್ಷೆಯಿದೆ. ಕೊಡುವುದೂ ಅಪರಾಧವೇ. ಆದರೆ ನೊಂದವರು ದೂರು ಕೊಡುವಾಗ ಹೇಳಿದ ಮಾತನ್ನೇ ಹಿಡಿದು ಅವರ ಮೇಲೆ ಮೊಕದ್ದಮೆ ಹೂಡುವಂತಿಲ್ಲ, ಇದು ನಮ್ಮ ಹೆಂಗಸರಲ್ಲಿ ಅನೇಕರಿಗೆ ತಿಳಿದಿಲ್ಲ. ಗಂಡ ಹೆಂಡತಿಯ ಹಣ, ಸ್ತ್ರೀಧನ ಕಸಿದುಕೊಳ್ಳುವುದು 2005ರ ಕಾಯ್ದೆಯಲ್ಲಿ ಕೌಟುಂಬಿಕ ದೌರ್ಜನ್ಯ. ಅದಕ್ಕೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ ಸಂರಕ್ಷಣಾಧಿಕಾರಿ, 181ಕ್ಕೂ ಫೋನ್ ಮಾಡಬಹುದು. ಆದರೆ ಅದೇ ಕಾಯ್ದೆ ಯಜಮಾನರ ಮನೆಯಲ್ಲಿ ದುಡಿಯುವವಳಿಗೆ ಯಜಮಾನರ ವಿರುದ್ಧ ಅನ್ವಯಿಸುವುದಿಲ್ಲ. ಆಕೆಯ ಕೈಯಲ್ಲಿ ಮನೆಯ ಕೀಲಿಕೈ ಇದ್ದರೂ ಕಾನೂನಿನ ಕಣ್ಣಿಗೆ ಆಕೆ ಆ ಮನೆಯವಳಲ್ಲ. ಕೆಲಸದ ಜಾಗದ ಲೈಂಗಿಕ ಕಿರುಕುಳದ 2013ರ ಕಾಯ್ದೆ ಮಾತ್ರ ಆಕೆಯನ್ನೂ ಒಳಗೊಂಡಿದೆ. ಅದರ ದೂರನ್ನು ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬೇಕು.

ನಾನು ಆ ಮನೆಯ ಸೊಸೆಯ ಹತ್ತಿರ ಹೋಗಿ ಮಾತಾಡಿದೆ. ಪಗಾರ ಇಷ್ಟು, ವಾರಕ್ಕೊಂದು ಸೂಟಿ ಎಂದು ಕಾಗದದ ಮೇಲೆ ಬರೆದುಕೊಡಲು ಆಕೆ ಒಪ್ಪಿದ್ದಾಳೆ, ಇನ್ನೂ ಬರೆದಿಲ್ಲ. ಅದಕ್ಕೂ ಮೊದಲು ನನ್ನ ಮನೆಯ ಕೆಲಸದಾಕೆಗೆ ನಾನು ಬರೆದುಕೊಡಬೇಕಾಯಿತು, ಬರಿಗೈಯಲ್ಲಿ ಹೋಗುವುದು ಹೇಗೆ?

ಸಂಘದ ಲೆಕ್ಕ ಬರೆದುಕೊಡುವವಳು ನಾನೇ. ಹುಡುಗಿ ಹೊಲಿಗೆ ಕಲಿಯುವುದಾದರೆ ಮಷಿನ್ನಿಗೆ ಸಾಲ ಕೊಡೋಣ, ಗಂಡಿನವರ ಮನೆಗೆ ಹತ್ತು ಮಂದಿ ಕೂಡಿ ಹೋಗಿ ಮಾತಾಡೋಣ, ಆದರೆ ಪುಸ್ತಕದಲ್ಲಿ 'ಎಮ್ಮೆ' ಎಂದು ನಾನು ಬರೆಯುವುದಿಲ್ಲ ಎಂದು ಹೇಳಿದ್ದೇನೆ. ಬರುವ ಶನಿವಾರ ಸಭೆಯಿದೆ. ಆಕೆ ನನ್ನ ಜೊತೆ ಮಾತು ಬಿಟ್ಟು ಹದಿನೈದು ದಿನವಾಯಿತು.